‘ಭೀ’ ಅಕ್ಷರದ ಸೀಳು

ನಾನು ಕೆಡಿಸಿದ್ದು ಒಂದು ಅಕ್ಷರ, ಮಹಾಪ್ರಾಣದ ‘ಭೀ’. ಅದರ ಹೊಟ್ಟೆಯ ಕೆಳಗಿನ ಸೀಳು ನನ್ನ ಕಂಪ್ಯೂಟರಿನಲ್ಲಿ ಕಳಚಿಬಿತ್ತು. ಉಳಿದ ‘ಬೀ’ ವಿನೈಲ್ ಹಾಳೆಗೆ ಹೋಯಿತು, ಹಾಳೆಯಿಂದ ಗ್ರಾನೈಟ್ ಕಲ್ಲಿಗೆ ಇಳಿಯಿತು, ಕಲ್ಲು ಗೋಡೆ ಸೇರಿತು. ಆ ಗೋಡೆಯ ಮುಂದೆ ಒಬ್ಬ ಅಜ್ಜಿ ಆಡಿದ ಮಾತು ನಾನು ಅಕ್ಷರದ ಕೆಲಸ ಮಾಡುವ ರೀತಿಯನ್ನೇ ಬದಲಿಸಿತು. ಈ ಕೆಲಸ ಕಲಿಯುತ್ತಿರುವ ಹುಡುಗರಿಗೂ, ಹೆಸರು ಬರೆಸಲು ಬರುವವರಿಗೂ ಉಪಯೋಗವಾದೀತೆಂದು ಆದದ್ದನ್ನು ಆದಂತೆಯೇ ಬರೆಯುತ್ತಿದ್ದೇನೆ.

ರೋಣದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಟ್ರ್ಯಾಕ್ಟರಿನ ಹಿಂದೆ ಅಂಟಿಸುವ ರೇಡಿಯಂ ಅಕ್ಷರ, ಫ್ಲೆಕ್ಸ್, ಶ್ರದ್ಧಾಂಜಲಿ ಕಾರ್ಡು, ಎಲ್ಲವೂ ಅಲ್ಲೇ. ಈ ಘಟನೆ ನಡೆದಾಗ ಗಜೇಂದ್ರಗಡ ಇನ್ನೂ ಬೇರೆ ತಾಲ್ಲೂಕಾಗಿರಲಿಲ್ಲ, ರೋಣಕ್ಕೇ ಸೇರಿತ್ತು. ಕಚೇರಿ ಕೆಲಸಕ್ಕೆಂದು ಅತ್ತ ಕಡೆಯಿಂದ ಬಂದವರು ನಮ್ಮಲ್ಲೂ ಹಣಿಕಿ ಹಾಕಿ ಹೋಗುತ್ತಿದ್ದರು. ನರಗುಂದದಿಂದ ಹೋರಾಟದ ಬ್ಯಾನರುಗಳ ಕೆಲಸ ಬರುತ್ತಿತ್ತು. ಗದಗಿನ ಮುದ್ರಣದ ಹೆಸರು ದೊಡ್ಡದು. ನಾನೂ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಕೆಲಸ ಕಲಿತು ಬಂದವನು. ಪ್ರೂಫ್ ತಿದ್ದದೆ ಯಾವುದನ್ನೂ ಮಷೀನಿಗೆ ಹತ್ತಿಸಬಾರದೆಂಬ ಪಾಠ ಅಲ್ಲಿಯೇ ಆಗಿತ್ತು. ಆ ಪಾಠ ನನಗೆ ಅರ್ಧವೇ ತಿಳಿದಿತ್ತೆಂದು ಗೊತ್ತಾದದ್ದು ಬಹಳ ತಡವಾಗಿ.

ಏನಾಯಿತೆಂದು ಹೇಳುವ ಮೊದಲು ನಮ್ಮ ಫಾಂಟುಗಳ ಒಳಗುಟ್ಟನ್ನು ಹೇಳಬೇಕು. ನಾವು ಕೆಲಸ ಮಾಡುತ್ತಿದ್ದದ್ದು ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ. ಅಕ್ಷರಕ್ಕೆ ನುಡಿ, ಬರಹ, ಶ್ರೀಲಿಪಿ. ಬರಹವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದರು. ನುಡಿಯನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು. ಅದರ ಕೀಲಿಮಣೆಯ ಹಿಂದಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಇವರೆಲ್ಲರ ಋಣ ನಮ್ಮಂಥ ಅಂಗಡಿಯವರ ಮೇಲಿದೆ. ಇವರಿಲ್ಲದಿದ್ದರೆ ತಾಲ್ಲೂಕು ಊರುಗಳಲ್ಲಿ ಕನ್ನಡ ಕಂಪ್ಯೂಟರಿಗೆ ಬರುವುದು ಇನ್ನೆಷ್ಟು ತಡವಾಗುತ್ತಿತ್ತೋ. ಆದರೆ ಆ ಕಾಲದ ಫಾಂಟಿನಲ್ಲಿ ಇದ್ದದ್ದು 256 ಮನೆಗಳು, ಅವೂ ಇಂಗ್ಲಿಷಿನ ಲೆಕ್ಕದಲ್ಲಿ ಕಟ್ಟಿದವು. ಅವುಗಳಲ್ಲಿ ಕೆಲವನ್ನು ಬಳಸುವಂತೆಯೂ ಇರಲಿಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಇಡಿಯಾಗಿ ಕೂರಿಸಲು ಅಷ್ಟು ಜಾಗ ಎಲ್ಲಿ ಸಾಕು? ಹೀಗಾಗಿ ಅಕ್ಷರವನ್ನೇ ತುಂಡು ಮಾಡಿದರು. ‘ಕ’ ಎಂದರೆ ತಲೆಕಟ್ಟಿಲ್ಲದ ಮೈ ಒಂದು, ತಲೆಕಟ್ಟು ಇನ್ನೊಂದು. ‘ಧ’ ಎಂದರೆ ‘ದ’ದ ಮೈ, ಸೀಳು, ತಲೆಕಟ್ಟು. ‘ಭೀ’ ಎಂದರೆ ಗುಡಿಸು ಇರುವ ‘ಬಿ’, ಅದರ ಕೆಳಗೆ ಸೀಳು, ಪಕ್ಕದಲ್ಲಿ ದೀರ್ಘ, ಹೀಗೆ ಮೂರು ತುಂಡು. ನಮ್ಮ ಕಡೆ ಮನೆಮನೆಯಲ್ಲಿ ಹೊಲಿಯುವ ಕೌದಿಯ ಹಾಗೆ ತುಂಡಿಗೆ ತುಂಡು ಕೂಡಿ ಅಕ್ಷರವಾಗುತ್ತಿತ್ತು. ತೆರೆಯ ಮೇಲೆ ನೋಡಿದರೂ, ಹಾಳೆಯ ಮೇಲೆ ಅಚ್ಚು ಹಾಕಿದರೂ ಹೊಲಿಗೆ ಕಾಣುತ್ತಿರಲಿಲ್ಲ.

ಹೊಲಿಗೆ ಕಾಣುವುದು ಅಕ್ಷರಕ್ಕೆ ಬಾರ್ಡರ್ ಕೊಟ್ಟಾಗ, ಇಲ್ಲವೆ ಅಕ್ಷರ ಕೊಯ್ಯುವ ಪ್ಲಾಟರ್ ಯಂತ್ರಕ್ಕೆ ಹಾಕಿದಾಗ. ಬ್ಲೇಡಿಗೆ ಬಣ್ಣ ತಿಳಿಯದು, ಗೆರೆ ಮಾತ್ರ ತಿಳಿಯುತ್ತದೆ. ತಲೆಕಟ್ಟು ಮೈಯ ಮೇಲೆ ಹತ್ತಿ ಕೂತ ಕಡೆಯಲ್ಲೆಲ್ಲ ಅದು ಎರಡೂ ಗೆರೆಗಳನ್ನು ಕೊಯ್ಯುತ್ತದೆ. ರೇಡಿಯಂ ಅಕ್ಷರ ಎತ್ತಿ ಅಂಟಿಸುವಾಗ ತಲೆಕಟ್ಟು ಒಂದು ಕಡೆ, ಮೈ ಒಂದು ಕಡೆ. ಇದಕ್ಕೆ ನಮ್ಮಲ್ಲಿ ಎಲ್ಲರೂ ಮಾಡುವ ಉಪಾಯವೊಂದಿದೆ. ಮೊದಲು ಪಠ್ಯವನ್ನು ಕರ್ವ್ ಮಾಡುವುದು, ಅಂದರೆ ಅಕ್ಷರವನ್ನು ಅಕ್ಷರವಾಗಿ ಉಳಿಸದೆ ಗೆರೆಗಳ ಚಿತ್ರವಾಗಿ ಮಾಡುವುದು. ಆಮೇಲೆ ಬ್ರೇಕ್ ಅಪಾರ್ಟ್ ಕೊಟ್ಟು ತುಂಡುಗಳನ್ನು ಬಿಡಿಸಿ, ಒಂದೊಂದು ಅಕ್ಷರದ ತುಂಡುಗಳನ್ನು ವೆಲ್ಡ್ ಮಾಡಿ ಬೆಸೆಯುವುದು. ಬಿಡಿಸಿದಾಗ ಅಕ್ಷರದೊಳಗಿನ ಖಾಲಿ ಜಾಗಗಳೆಲ್ಲ ತುಂಬಿಕೊಂಡು ಕಪ್ಪು ಗುಳಿಗೆಗಳಾಗುತ್ತವೆ. ಅವನ್ನು ಮತ್ತೆ ಕೊರೆದು ತೆಗೆಯಬೇಕು. ಮೂಲೆಯಲ್ಲಿ ಉಳಿದ ಚೂರುಪಾರುಗಳನ್ನು ಆರಿಸಿ ಡಿಲೀಟ್ ಮಾಡಬೇಕು. ಕೈ ಪಳಗಿದ ಮೇಲೆ ಇದನ್ನೆಲ್ಲ ನೋಡದೆಯೇ ಮಾಡುವ ರೂಢಿ ಬೀಳುತ್ತದೆ. ನನ್ನ ಅನಾಹುತ ಹುಟ್ಟಿದ್ದು ಆ ರೂಢಿಯಲ್ಲಿ.

ಗಜೇಂದ್ರಗಡದ ಆಚೆಯ ಒಂದು ಹಳ್ಳಿಯಲ್ಲಿ ಗುಡಿಯ ಪಕ್ಕ ಸಮುದಾಯ ಭವನ ಕಟ್ಟಿದ್ದರು. ದಾನಿಗಳ ಹೆಸರು ಕೆತ್ತಿದ ಕಲ್ಲು ಬೇಕಿತ್ತು. ಇಳಕಲ್ ಕಡೆಯಿಂದ ತಂದ ಗ್ರಾನೈಟು. ಹೆಸರಿನ ಅಕ್ಷರಗಳನ್ನು ವಿನೈಲಿನಲ್ಲಿ ಕೊಯ್ದು ಕಲ್ಲಿಗೆ ಅಂಟಿಸಿ, ಅಕ್ಷರದ ಭಾಗವನ್ನಷ್ಟೇ ಕಿತ್ತು, ಗಾಳಿಯ ಒತ್ತಡದಲ್ಲಿ ಮರಳು ಹೊಡೆದರೆ ತೆರೆದ ಜಾಗ ತಗ್ಗಾಗುತ್ತದೆ. ಅದಕ್ಕೆ ಬಂಗಾರದ ಬಣ್ಣ ತುಂಬುತ್ತಾರೆ. ಕೊಯ್ಯುವವರೆಗಿನ ಕೆಲಸ ನನ್ನದು. ಊರಿನ ಹಿರಿಯರು ಕೈಬರಹದ ಪಟ್ಟಿ ತಂದುಕೊಟ್ಟರು. ನಾನು ಟೈಪ್ ಮಾಡಿ ಪ್ರೂಫ್ ಕೊಟ್ಟೆ. ಅವರು ಅಂಗಡಿಯಲ್ಲಿಯೇ ಕೂತು ಬೆರಳಿಟ್ಟು ಓದಿದರು, ಎರಡು ಕಡೆ ತಿದ್ದಿದರು, ಸಹಿ ಹಾಕಿದರು. ನಾನು ತಿದ್ದಿ ಇನ್ನೊಂದು ಪ್ರಿಂಟ್ ತೆಗೆದು ತೋರಿಸಿದೆ. ಎಲ್ಲ ಸರಿಯಿತ್ತು.

ಆಮೇಲೆ ನಾನು ಕರ್ವ್ ಮಾಡಿದೆ, ಬಿಡಿಸಿದೆ, ಬೆಸೆದೆ, ಚೂರು ಆರಿಸಿದೆ. ಆ ಚೂರುಗಳ ಜೊತೆಗೆ ಒಂದು ಹೆಸರಿನ ‘ಭೀ’ಯ ಸೀಳೂ ಹೋಯಿತು. ಪ್ಲಾಟರಿಗೆ ಕಳಿಸುವ ಮೊದಲು ಮತ್ತೊಂದು ಪ್ರಿಂಟ್ ತೆಗೆಯಲಿಲ್ಲ. ಓದಿ ಆಗಿದೆಯಲ್ಲ, ಸಹಿ ಆಗಿದೆಯಲ್ಲ ಎಂಬ ಧೈರ್ಯ. ಪ್ರೂಫ್ ನೋಡಿದ್ದು ಒಂದು ಫೈಲಿನದು, ಕಲ್ಲಿಗೆ ಹೋದದ್ದು ಇನ್ನೊಂದು ಫೈಲು ಎಂಬುದು ನನಗೆ ಹೊಳೆಯಲೇ ಇಲ್ಲ.

ಆ ಅಜ್ಜಿಯ ಹೆಸರನ್ನು ಪೂರಾ ಬರೆಯುವುದಿಲ್ಲ. ಇಟಗಿಯ ಶರಣೆ ಭೀಮಾಂಬಿಕೆಯ ಹೆಸರನ್ನು ಆಕೆಗೆ ಇಟ್ಟಿದ್ದರು ಎಂದರೆ ಸಾಕು. ಕೊಪ್ಪಳ ಜಿಲ್ಲೆಯಲ್ಲಿರುವ ಮಹಾದೇವ ದೇವಾಲಯದ ಇಟಗಿ ಅಲ್ಲ, ನಮ್ಮ ರೋಣ ಸೀಮೆಯ ಇಟಗಿ. ಆ ತಾಯಿಯ ಹೆಸರಿನ ಹೆಣ್ಣುಮಕ್ಕಳು ನಮ್ಮ ಕಡೆ ಬಹಳ. ಅಜ್ಜಿ ಆಡು ಮಾರಿ ಬಂದ ದುಡ್ಡನ್ನು ಭವನಕ್ಕೆ ಕೊಟ್ಟಿದ್ದಳು. ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಊರಿನ ಮಾಸ್ತರರು, ಪಂಚಾಯ್ತಿಯವರು, ಪಟ್ಟಿ ತಂದ ಹಿರಿಯರು ಎಲ್ಲರೂ ಕಲ್ಲನ್ನು ನೋಡಿ ಚಲೋ ಆಗೈತಿ ಅಂದರು. ಅಜ್ಜಿ ಊಟ ಮುಗಿದ ಮೇಲೆ ಮೊಮ್ಮಗಳ ಕೈ ಹಿಡಿದು ಬಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ‘ತಮ್ಮಾ, ನನ್ನ ಹೆಸರಿನ ಮೊದಲನೇ ಅಕ್ಷರಕ್ಕ ಕೆಳಗೊಂದು ಗೀರು ಇರತೈತಿ. ಇದಕ್ಕಿಲ್ಲ. ಇದು ನಂದಲ್ಲ’ ಅಂದಳು.

ಆಕೆ ಶಾಲೆಗೆ ಹೋದವಳಲ್ಲ. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ರಾತ್ರಿ ಕಂದೀಲು ಹಚ್ಚಿಕೊಂಡು ಹೆಸರು ಬರೆಯುವುದನ್ನು ಕಲಿತವಳು. ಕಲಿತ ಅಕ್ಷರಗಳಲ್ಲಿ ಬೇರೆಯವು ಮರೆತುಹೋಗಿದ್ದವು, ತನ್ನ ಹೆಸರು ಮಾತ್ರ ಉಳಿದಿತ್ತು. ‘ಗೀರು ಹಾಕದಿದ್ರ ಹೆಸರು ಪೂರಾ ಆಗೂದಿಲ್ಲ ಅಂತ ಕಲಿಸಿದ್ರು’ ಎಂದು ಮೊಮ್ಮಗಳ ಮುಂದೆ ಅಂದುಕೊಂಡಳು. ಅಲ್ಲಿದ್ದವರಲ್ಲಿ ಒಬ್ಬರು, ‘ಯವ್ವಾ, ಬಾಯಿಲೆ ಕರೆಯೂದು ಹಿಂಗ ಅಲ್ಲೇನು, ಬಿಡು’ ಎಂದು ಸಮಾಧಾನ ಹೇಳಿದರು. ನಿಜ, ನಮ್ಮ ಕಡೆಯ ಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸದು. ಆದರೆ ಆಕೆ ಕಲಿತದ್ದು ಮಾತನ್ನಲ್ಲ, ಬರಹವನ್ನು. ಪುಸ್ತಕ ಓದಿದ ನಾವೆಲ್ಲ ಪದದ ಆಕಾರ ನೋಡಿ ಅಂದಾಜಿನ ಮೇಲೆ ದಾಟಿಬಿಟ್ಟಿದ್ದೆವು. ಆಕೆ ಅಕ್ಷರವನ್ನು ಅಕ್ಷರವಾಗಿಯೇ ನೋಡಿದ್ದಳು. ಆ ಹೊತ್ತಿಗೆ ನನಗಾದ ಸಂಕಟ ಈಗಲೂ ಹಾಗೆಯೇ ಇದೆ.

ಗಜೇಂದ್ರಗಡದ ಒಬ್ಬ ಹಿರಿಯ ಕಲ್ಲುಕುಟಿಗರನ್ನು ಕರೆದುಕೊಂಡು ಹೋದೆ. ಅವರು ಸಣ್ಣ ಉಳಿ ಹಿಡಿದು, ಗೋಡೆಯಲ್ಲಿದ್ದ ಕಲ್ಲಿನ ಮೇಲೆಯೇ ‘ಬೀ’ಯ ಕೆಳಗೆ ಸೀಳನ್ನು ಹೊಡೆದರು, ಬಣ್ಣ ತುಂಬಿದರು. ‘ಇಲ್ಲದ್ದನ್ನ ಹಾಕಬಹುದು ತಮ್ಮಾ, ಹೆಚ್ಚಿಗಿ ಬಿದ್ದಿದ್ದರ ಕಲ್ಲು ಒಡೀಬೇಕಾಗಿತ್ತು’ ಎಂದರು. ನನ್ನ ತಪ್ಪು ತಿದ್ದಬಹುದಾದ ಜಾತಿಯದಾಗಿತ್ತು, ಅದು ನನ್ನ ಪುಣ್ಯ. ಉಳಿಯ ಆ ಗೀರು ಉಳಿದ ಅಕ್ಷರಗಳಷ್ಟು ನಯವಾಗಿಲ್ಲ. ಅಜ್ಜಿ ಬೆರಳಿಟ್ಟು ನೋಡಿ, ‘ಈಗ ಬರೋಬ್ಬರಿ’ ಅಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಪೂರ್ತಿ ಬುದ್ಧಿ ಬರುತ್ತಿರಲಿಲ್ಲವೇನೋ. ಕೆಲ ವರ್ಷಗಳ ಮೇಲೆ ಅದೇ ಊರಿನವರು ಜಾತ್ರೆಯ ಕರಪತ್ರಕ್ಕೆ ದಾನಿಗಳ ಪಟ್ಟಿ ಹಾಕಬೇಕೆಂದು ಬಂದರು. ಫೈಲು ತೆರೆದೆ. ಅದರಲ್ಲಿ ಅಕ್ಷರವೇ ಇರಲಿಲ್ಲ, ಬರೀ ಗೆರೆ. ಹುಡುಕಿದರೆ ಸಿಗದು, ನಕಲು ಮಾಡಿದರೆ ಬಾರದು, ಒಂದು ಹೆಸರು ಬದಲಿಸಬೇಕೆಂದರೆ ಆಗದು. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಅಕ್ಷರವೆಲ್ಲ ಇಂಗ್ಲಿಷ್ ಚಿಹ್ನೆಗಳ ಸಂತೆಯಾಗುತ್ತದೆಂಬ ಹೆದರಿಕೆಯಿಂದ ನಾನು ಎಲ್ಲ ಫೈಲುಗಳನ್ನೂ ಕರ್ವ್ ಮಾಡಿ, ಹಳೆಯದರ ಮೇಲೆಯೇ ಸೇವ್ ಮಾಡುವ ಅಭ್ಯಾಸ ಇಟ್ಟುಕೊಂಡಿದ್ದೆ. ವರ್ಷಗಟ್ಟಲೆ ಟೈಪ್ ಮಾಡಿದ ನಮ್ಮ ಸೀಮೆಯ ಹೆಸರುಗಳು, ಶ್ರದ್ಧಾಂಜಲಿಯ ಸಾಲುಗಳು, ಜಾತ್ರೆಯ ವಿವರಗಳು ಎಲ್ಲ ಓದಲಷ್ಟೇ ಉಳಿದ ಚಿತ್ರಗಳು. ಕಲ್ಲಿನ ಫೋಟೋ ತರಿಸಿಕೊಂಡು ಮತ್ತೆ ಮೊದಲಿನಿಂದ ಟೈಪ್ ಮಾಡಿದೆ.

ನರಗುಂದದ ಬ್ಯಾನರುಗಳದ್ದೂ ಅದೇ ಕಥೆ. 1980ರ ಜುಲೈ 21ರ ರೈತ ಬಂಡಾಯದ ಊರು ಅದು. ಪ್ರತಿ ವರ್ಷ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ. 2015ರ ಜುಲೈಯಲ್ಲಿ ಮಹದಾಯಿ, ಕಳಸಾ-ಬಂಡೂರಿ ನೀರಿನ ಧರಣಿ ಹೂಡಿದಾಗ ಬ್ಯಾನರಿನ ಬೇಡಿಕೆ ರಾತ್ರೋರಾತ್ರಿ ಬರುತ್ತಿತ್ತು. ಜನ ತಮ್ಮದೇ ಮಾತಿನಲ್ಲಿ ಬರೆದುಕೊಟ್ಟ ಘೋಷಣೆಗಳು ಅವು. ಇವತ್ತು ಯಾರಾದರೂ ಆ ಹೋರಾಟದ ಚರಿತ್ರೆ ಬರೆಯುತ್ತೇನೆಂದು ಬಂದು ಆ ಮಾತುಗಳನ್ನು ಕೇಳಿದರೆ, ನನ್ನ ಹತ್ತಿರ ಪಠ್ಯವಾಗಿ ಉಳಿದದ್ದು ಏನೂ ಇಲ್ಲ. ಸಾಂದರ್ಭಿಕವಾಗಿ ಇನ್ನೊಂದು ಮಾತು. ಆಗಿನ ಬ್ಯಾನರುಗಳಲ್ಲಿ ‘ರ‍್ಯಾಲಿ’ ಎಂಬುದು ಎಷ್ಟೋ ಸಲ ‘ರ್ಯಾಲಿ’ ಆಗಿ ಅರ್ಕಾವತ್ತು ಹೊತ್ತು ನಿಂತಿರುತ್ತಿತ್ತು. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ‘ರ’ ಆದ ಮೇಲೆ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಹಾಕಿದರೆ ಮಾತ್ರ ‘ರ’ ಇಡಿಯಾಗಿ ನಿಂತು ಯ-ಒತ್ತು ಕೆಳಗೆ ಬರುತ್ತದೆ. ಒತ್ತು ಬೇಡವಾದಾಗ ಹಾಕುವ ಚಿಹ್ನೆ ಬೇರೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ-ಕ ಒಂದರ ಕೆಳಗೊಂದು ಸೇರದಂತೆ ಅದು ತಡೆಯುತ್ತದೆ. ಈ ಎರಡನ್ನೂ ಮೊದಲೇ ಕಲಿಸಿಕೊಡುವವರು ಸಿಕ್ಕಿದ್ದರೆ ಎಷ್ಟೋ ಊರಿನ ಬೋರ್ಡುಗಳು ಸರಿಯಾಗಿರುತ್ತಿದ್ದವು.

ಆಮೇಲೆ ನಾನು ಯೂನಿಕೋಡಿಗೆ ಬಂದೆ. ಕನ್ನಡಕ್ಕೆ ಅಲ್ಲಿ 128 ಮನೆಗಳ ಒಂದು ಓಣಿಯೇ ಇದೆ. ‘ಭ’ ಅಲ್ಲಿ ‘ಬ’ಕ್ಕೆ ಸೀಳು ಹೊಲಿದದ್ದಲ್ಲ, ತನ್ನದೇ ಸಂಖ್ಯೆಯ ಬೇರೆ ಅಕ್ಷರ. ತುಂಡುಗಳನ್ನು ಕೂಡಿಸುವ ಕೆಲಸ ಫಾಂಟಿನೊಳಗಿನ ನಿಯಮಗಳದು ಮತ್ತು ತಂತ್ರಾಂಶದ್ದು. ಆದರೆ ತಂತ್ರಾಂಶಕ್ಕೆ ಆ ನಿಯಮ ಓದಲು ಬರಬೇಕು. ಹಳೆಯ ಕೋರಲ್‌ಗೆ ಬರುತ್ತಿರಲಿಲ್ಲ. 2012ರ ಎಕ್ಸ್6 ಆವೃತ್ತಿಯಲ್ಲಿ ಆ ನಿಯಮ ಓದುವ ಓಪನ್‌ಟೈಪ್ ಸೌಲಭ್ಯ ಬಂದ ಮೇಲೆ ದಾರಿ ತೆರೆಯಿತು. ಇಲ್ಲಸ್ಟ್ರೇಟರ್ ಎಂಬ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳನ್ನು ಕೂಡಿಸಬಲ್ಲ ಕಂಪೋಸರನ್ನು ಆರಿಸಿಕೊಳ್ಳದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇಂಕ್‌ಸ್ಕೇಪ್ ಉಚಿತವಾಗಿ ಸಿಗುವ ತಂತ್ರಾಂಶ, ಅದರಲ್ಲಿ ಕನ್ನಡ ತಾನಾಗಿಯೇ ಸರಿಯಾಗಿ ಕೂಡುತ್ತದೆ. ಹೊಸದಾಗಿ ಕಲಿಯುವ ಹುಡುಗರಿಗೆ ನಾನು ಮೊದಲು ಅದನ್ನೇ ಹೇಳುತ್ತೇನೆ. ನೋಟೋ, ಬಾಲೂ ತಮ್ಮ, ಅನೇಕ್, ಹುಬ್ಬಳ್ಳಿ ಹೀಗೆ ದುಡ್ಡು ಕೊಡದೆ ಬಳಸಬಹುದಾದ ಒಳ್ಳೆಯ ಯೂನಿಕೋಡ್ ಫಾಂಟುಗಳೂ ಈಗ ಇವೆ.

ತಂತ್ರಾಂಶಕ್ಕೆ ಕನ್ನಡ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ನಮ್ಮ ಮೂರು ಊರಿನ ಹೆಸರುಗಳೇ ಸಾಕು. ಬಾರದ ತಂತ್ರಾಂಶದಲ್ಲೂ ‘ನರಗುಂದ’ ಹೆಚ್ಚುಕಡಿಮೆ ಸರಿಯಾಗಿಯೇ ಮೂಡುತ್ತದೆ. ಅದರಲ್ಲಿ ಒತ್ತಿಲ್ಲ, ಕೊಂಬು ತನ್ನ ಪಾಡಿಗೆ ಬಲಕ್ಕೆ ಬಂದು ನಿಲ್ಲುತ್ತದೆ. ‘ರೋಣ’ದಲ್ಲಿ ತೊಂದರೆ ಶುರು. ‘ರೋ’ ಆಗುವಾಗ ‘ರ’ದ ತಲೆಕಟ್ಟು ಹೋಗಬೇಕು, ಅದು ಹೋಗದೆ ಪಕ್ಕದಲ್ಲಿ ಓತ್ವ ಬೇರೆಯಾಗಿ ಬೀಳುತ್ತದೆ. ‘ಗಜೇಂದ್ರಗಡ’ವಂತೂ ಪೂರ್ತಿ ಒಡೆಯುತ್ತದೆ. ‘ಜೇ’ ಚದುರಿ, ‘ದ್ರ’ ಎಂಬುದು ‘ದ್’ ಮತ್ತು ‘ರ’ ಆಗಿ ಅಕ್ಕಪಕ್ಕ ನಿಲ್ಲುತ್ತದೆ. ಹೊಸ ಕಂಪ್ಯೂಟರ್ ತಂದವರಿಗೆ ಮೊದಲು ‘ಗಜೇಂದ್ರಗಡ’ ಎಂದು ಬರೆದು ನೋಡಿರೆಂದು ಹೇಳುವುದು ಇದಕ್ಕೇ.

ಯೂನಿಕೋಡ್ ಬಂದ ಮೇಲೂ ಕರ್ವ್ ಮಾಡುವುದು ತಪ್ಪಿಲ್ಲ. ಪ್ಲಾಟರಿಗೂ, ಬೇರೆ ಊರಿನ ಫ್ಲೆಕ್ಸ್ ಮಷೀನಿಗೂ ಗೆರೆಯೇ ಬೇಕು. ಆದ್ದರಿಂದ ಈಗ ಎರಡು ಫೈಲು ಇಡುತ್ತೇನೆ. ಒಂದರಲ್ಲಿ ಪಠ್ಯ ಪಠ್ಯವಾಗಿಯೇ, ಇನ್ನೊಂದು ಮಷೀನಿಗೆ ಹೋಗುವ ಗೆರೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಸಹಿ ಹಾಕಿಸಿಕೊಳ್ಳುವ ಪ್ರೂಫನ್ನು ಎರಡನೆಯದರಿಂದ ತೆಗೆಯುತ್ತೇನೆ. ಬೆಸೆದು, ಕೊರೆದು, ಚೂರು ಆರಿಸಿ ಮುಗಿದ ಮೇಲೆ. ಹಾಳೆಯನ್ನು ಇಬ್ಬರು ಓದಬೇಕು. ಒಬ್ಬರು ಪಟ್ಟಿಯಿಂದ ಹೆಸರನ್ನು ಅಕ್ಷರ ಬಿಡಿಸಿ ಹೇಳಬೇಕು, ಇನ್ನೊಬ್ಬರು ಹಾಳೆಯ ಮೇಲೆ ಬೆರಳಿಡಬೇಕು. ಮಹಾಪ್ರಾಣದ ಸೀಳು, ದೀರ್ಘ, ಒತ್ತು ಇವನ್ನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನೋಡುತ್ತೇವೆ. ಸಮಯ ಹಿಡಿಯುತ್ತದೆ. ಅವಸರದ ಗಿರಾಕಿಗಳು ಬೇಸರ ಮಾಡಿಕೊಂಡು ಬೇರೆ ಅಂಗಡಿಗೆ ಹೋದದ್ದೂ ಉಂಟು.

ಹೀಗೆ ಒಂದು ಅಕ್ಷರವನ್ನು ಹಲವರು ನೋಡುವುದು ಹೊಸ ಪದ್ಧತಿಯಲ್ಲ. ರೋಣದಿಂದ ಗಜೇಂದ್ರಗಡದ ಕಡೆ ಹೋಗುವಾಗ ಸೂಡಿಗೆ ಹೋಗಿ ನೋಡಬೇಕು. ಜೋಡು ಕಳಸದ ಗುಡಿಯೂ ನಾಗಕುಂಡವೂ ಇರುವ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಆ ಮನೆತನದ ಅಕ್ಕಾದೇವಿಯ ಆಡಳಿತ ಕಂಡ ಊರು. ಅಲ್ಲಿಯ ಶಾಸನಗಳನ್ನು ವಿದ್ವಾಂಸ ಬಾರ್ನೆಟ್ ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 15ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಕನ್ನಡ ನಾಡಿನ ಎಷ್ಟೋ ಶಾಸನಗಳಲ್ಲಿ ಪಾಠ ರಚಿಸಿದವನು, ಕಲ್ಲಿನ ಮೇಲೆ ಬರೆದವನು, ಕಂಡರಿಸಿದವನು ಎಂದು ಬೇರೆ ಬೇರೆ ಹೆಸರುಗಳು ಕಾಣುತ್ತವೆ. ಒಂದು ಅಕ್ಷರ ಕಲ್ಲಿಗೆ ಇಳಿಯುವ ಮೊದಲು ಒಬ್ಬರಿಗಿಂತ ಹೆಚ್ಚು ಜನರ ಕಣ್ಣಿನ ಕೆಳಗೆ ಹಾಯುತ್ತಿತ್ತು. ಅಷ್ಟಾದರೂ ತಪ್ಪುಗಳು ಉಳಿದಿವೆ, ಸಂಪಾದಕರು ಅಡಿಟಿಪ್ಪಣಿಯಲ್ಲಿ ಅವನ್ನು ತಿದ್ದುತ್ತಾರೆ. ನನ್ನ ಅಂಗಡಿಯಲ್ಲಿ ಆ ಮೂವರ ಕೆಲಸವನ್ನೂ ನಾನೊಬ್ಬನೇ ಮಾಡುತ್ತಿದ್ದೆ. ಭವನದ ಗೋಡೆಯ ಕಲ್ಲಿಗೆ ಅಡಿಟಿಪ್ಪಣಿ ಬರೆಯುವವರು ಯಾರೂ ಇರಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ಗುಡಿಗೋ ಶಾಲೆಗೋ ಮನೆಯ ಹಿರಿಯರ ಗದ್ದುಗೆಗೋ ಹೆಸರು ಕೆತ್ತಿಸಲು ಹೋದಾಗ, ಟೈಪ್ ಮಾಡಿದ ಹಾಳೆ ನೋಡಿ ಸಹಿ ಹಾಕಿ ಬರಬೇಡಿ. ಮಷೀನಿಗೆ ಹೋಗುವ ಕೊನೆಯ ಫೈಲಿನದೇ ಪ್ರಿಂಟ್ ಕೇಳಿ. ಅಂಗಡಿಯವರು ಬೇಸರಪಟ್ಟರೂ ಬಿಡದೆ ಕೇಳಿ. ಅದನ್ನು ಮನೆಗೆ ಒಯ್ದು, ಆ ಹೆಸರಿನವರಿಗೆ ಅಕ್ಷರ ಬರುತ್ತದೆಂದಾದರೆ ಮೊದಲು ಅವರ ಕೈಗೇ ಕೊಟ್ಟು ಓದಿಸಿ.